ಪೊರೆ ಬದಲಿಸಿದರೆ ಉರಿಯುವ ಅಲ್ಯೂಮಿನಿಯಂ

ಹೊನ್ನಾವರದ ಕಡೆ ದೊಂದಿ ಬೆಳಕಿನ ಯಕ್ಷಗಾನ ನೋಡಿದವರಿಗೆ ರಾಕ್ಷಸ ವೇಷದ ಪ್ರವೇಶ ಮರೆಯುವುದಿಲ್ಲ. ಚಂಡೆ ಏರುತ್ತದೆ. ಪಕ್ಕದಲ್ಲಿ ನಿಂತವರು ಮುಷ್ಟಿಯಲ್ಲಿದ್ದ ರಾಳದ ಪುಡಿಯನ್ನು ದೊಂದಿಯ ಮೇಲೆ ಎರಚುತ್ತಾರೆ. ಭುಗ್ ಅಂತ ಬೆಂಕಿ ಮೇಲೇಳುತ್ತದೆ. ಮುಂದೆ ಕೂತಿದ್ದರೆ ಮುಖಕ್ಕೆ ಕಾವು ತಾಗುತ್ತದೆ. ಅದೇ ರಾಳದ ಗಟ್ಟಿಯನ್ನು ಕೆಂಡದ ಮೇಲಿಟ್ಟರೆ ಮೆಲ್ಲಗೆ ಕರಗಿ ಹೊಗೆಯಾಡುತ್ತದೆ, ಅಷ್ಟೆ. ಪುಡಿ ಮಾಡಿ ಎರಚಿದಾಗ ಒಂದೊಂದು ಕಣದ ಸುತ್ತಲೂ ಗಾಳಿ ಸಿಗುತ್ತದೆ. ಹಾಗಾಗಿ ಎಲ್ಲವೂ ಒಟ್ಟಿಗೇ ಹೊತ್ತಿಕೊಳ್ಳುತ್ತವೆ.

ಲೋಹದ ಪುಡಿಯೂ ಹೀಗೇ ಉರಿಯುತ್ತದೆ. ದೀಪಾವಳಿಯ ಸುರುಸುರು ಬತ್ತಿಯಲ್ಲಿ ಹಾರುವ ಕಿಡಿಗಳು ಉರಿಯುತ್ತಿರುವ ಲೋಹದ ಕಣಗಳೇ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 36 ಮೆಗಾಜೂಲ್ ಶಕ್ತಿ ಬರುತ್ತದೆ. ಅಷ್ಟೇ ಜಾಗ ಹಿಡಿಯುವ ಗಟ್ಟಿ ಅಲ್ಯೂಮಿನಿಯಂ ಪೂರ್ತಿ ಉರಿದರೆ ಸುಮಾರು 84 ಮೆಗಾಜೂಲ್. ಪುಡಿಯನ್ನು ಒತ್ತಿ ತುಂಬಿದರೆ, ನಡುವಿನ ಖಾಲಿ ಜಾಗವನ್ನು ಕಳೆದರೂ ಡೀಸೆಲ್‌ಗಿಂತ ಕಡಿಮೆಯಾಗದು. ಉರಿದಾಗ ಇಂಗಾಲದ ಡೈಆಕ್ಸೈಡ್ ಬರುವುದೂ ಇಲ್ಲ. ಉಳಿಯುವುದು ಬಿಳಿ ಬೂದಿ.

ಹಾಗಿದ್ದರೆ ತೊಡಕು ಎಲ್ಲಿ? ಕಾರವಾರದ ನಮ್ಮ ಮನೆಯ ಕಿಟಕಿಯಲ್ಲೇ ಉತ್ತರ ಇದೆ. ಕಡಲಿಗೆ ಮುಖ ಮಾಡಿದ ಕಬ್ಬಿಣದ ಸರಳುಗಳು ಪ್ರತಿ ಮಳೆಗಾಲ ಮುಗಿದ ಮೇಲೆ ಚಕ್ಕೆ ಚಕ್ಕೆಯಾಗಿ ಏಳುತ್ತವೆ. ಕೆರೆದು ಬಣ್ಣ ಬಳಿಯುವುದೇ ಕೆಲಸ. ಪಕ್ಕದ ಅಲ್ಯೂಮಿನಿಯಂ ಚೌಕಟ್ಟು ಮಾತ್ರ ಸ್ವಲ್ಪ ಮಂಕಾಗಿದೆ, ಗಟ್ಟಿಯಾಗೇ ಇದೆ. ಗಾಳಿ ಸೋಕಿದ ಕ್ಷಣವೇ ಅಲ್ಯೂಮಿನಿಯಂ ಆಮ್ಲಜನಕದ ಜೊತೆ ಸೇರಿ ತನ್ನ ಮೇಲೊಂದು ಆಕ್ಸೈಡ್ ಪೊರೆ ಹೊದ್ದುಕೊಳ್ಳುತ್ತದೆ. ಪುಡಿಯ ಕಣದ ಮೇಲೆ ಅದರ ದಪ್ಪ 2ರಿಂದ 4 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಅಷ್ಟು ತೆಳ್ಳಗಿನ ಪೊರೆ ಒಳಗಿನ ಲೋಹವನ್ನು ಕಾಯುತ್ತದೆ.

ಬೆಂಕಿ ಹಚ್ಚಲು ಹೋದಾಗ ಅಡ್ಡ ಬರುವುದೂ ಇದೇ ಪೊರೆ. ಒಳಗಿನ ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗಿಬಿಡುತ್ತದೆ. ಹೊರಗಿನ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಅಲ್ಲಿಯವರೆಗೆ ದ್ರವ ಲೋಹ ಗಟ್ಟಿ ಚಿಪ್ಪಿನೊಳಗೆ ಸಿಕ್ಕಿಕೊಂಡಿರುತ್ತದೆ. ಪಿಎಸ್‌ಎಲ್‌ವಿಯ ಮೊದಲ ಹಂತದಂಥ ಘನ ಇಂಧನದ ರಾಕೆಟ್ಟುಗಳಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಅಂಥ ಇಂಧನದಲ್ಲಿ ಹೊತ್ತಿಕೊಳ್ಳಲು ತಡವಾದ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಹನಿಗಳಾಗುತ್ತವೆ. ದೊಡ್ಡ ಹನಿ ನಿಧಾನ ಉರಿಯುತ್ತದೆ, ಒಂದಿಷ್ಟು ಬಲ ಅಲ್ಲೇ ನಷ್ಟ.

ಕಣವನ್ನೇ ಇನ್ನೂ ಸಣ್ಣ ಮಾಡಿದರೆ ಆಗದೇ? ಬೇಗ ಹೊತ್ತಿಕೊಳ್ಳುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. 50 ನ್ಯಾನೋಮೀಟರ್ ಅಗಲದ ಕಣಕ್ಕೆ 3 ನ್ಯಾನೋಮೀಟರ್ ಪೊರೆ ಇದ್ದರೆ, ಕಣದ ಗಾತ್ರದಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಪೊರೆಯೇ ಆಯಿತು! ಅದು ಆಗಲೇ ಉರಿದುಹೋದ ಲೋಹ. ಹೊತ್ತು ಸಾಗಿಸಬೇಕು, ಶಕ್ತಿ ಮಾತ್ರ ಕೊಡುವುದಿಲ್ಲ.

ಆದ್ದರಿಂದಲೇ ವಿಜ್ಞಾನಿಗಳು ಪೊರೆಯ ಕಡೆ ಗಮನ ಹರಿಸಿದ್ದು. ಪೊರೆ ಬೇಕೇ ಬೇಕು, ಆದರೆ ಅದು ಉರಿಯಲು ನೆರವಾಗುವ ಪೊರೆಯಾಗಲಿ ಎಂಬುದು ಯೋಚನೆ. ಶಿರಸಿ ಕಡೆಯವರಿಗೆ ಇದು ಹೊಸ ಮಾತಲ್ಲ. ಕೆಂಪಡಿಕೆ ಮಾಡುವಾಗ ಬೇಯಿಸಿದ ಅಡಿಕೆಗೆ ಚೊಗರು ಹಾಕುತ್ತಾರಲ್ವಾ? ತೆಳ್ಳಗೆ ಹಿಡಿದ ಆ ಲೇಪದಿಂದಲೇ ಅಡಿಕೆಗೆ ಬಣ್ಣ, ಹೊಳಪು. ಲೋಹದ ಕಣಕ್ಕೂ ಹಾಗೆ ಚೊಗರು ಹಾಕಬೇಕು, ಒಂದೊಂದು ಕಣಕ್ಕೂ ಸಮನಾಗಿ. ಕಷ್ಟ ಇರುವುದು ಅಲ್ಲೇ.

ನನಗೆ ಬಹಳ ಹಿಡಿಸಿದ್ದು ಫ್ಲೋರಿನ್ ಇರುವ ಪ್ಲಾಸ್ಟಿಕ್ಕಿನ ಲೇಪ. ನಾನ್‌ಸ್ಟಿಕ್ ತವೆಗೆ ಹಚ್ಚುವ ವಸ್ತುವಿನ ಬಳಗದ್ದು. ಬಿಸಿಯಾದಾಗ ಅದರಿಂದ ಬಿಡುಗಡೆಯಾಗುವ ಫ್ಲೋರಿನ್, ಆಕ್ಸೈಡ್ ಚಿಪ್ಪಿನ ಜೊತೆಗೇ ವರ್ತಿಸಿ ಶಾಖ ಹುಟ್ಟಿಸುತ್ತದೆ. ಅಡ್ಡವಾಗಿದ್ದ ಚಿಪ್ಪೇ ಈಗ ಕಿಚ್ಚು ಹಚ್ಚುವ ಕಡ್ಡಿಯಾಯಿತು. ಆಗ ಉಂಟಾಗುವ ಅಲ್ಯೂಮಿನಿಯಂ ಫ್ಲೋರೈಡ್ ಸುಮಾರು 1,300 ಡಿಗ್ರಿಯಲ್ಲಿ ನೇರ ಆವಿಯಾಗಿ ಹೋಗುತ್ತದೆ, ಕಣದ ಮೇಲೆ ಅಂಟಿ ಕೂರುವುದಿಲ್ಲ. ಆದರೆ ಲೇಪದಲ್ಲಿ ಫ್ಲೋರಿನ್ ಇದ್ದರೆ ಹೊಗೆಯಲ್ಲೂ ವಿಷಕಾರಿ ಫ್ಲೋರಿನ್ ಅನಿಲಗಳು ಬರುತ್ತವೆ. ರಾಕೆಟ್ಟಿಗೆ ಒಪ್ಪಬಹುದು, ಊರೊಳಗಿನ ಬಾಯ್ಲರಿಗೆ ಇದು ಬೇಡ ಎನ್ನುವವನು ನಾನು. ನಿಕ್ಕಲ್ ಲೇಪವೂ ಇದೆ. ಬಿಸಿಗೆ ನಿಕ್ಕಲ್ ಮತ್ತು ಅಲ್ಯೂಮಿನಿಯಂ ಒಂದಾಗುವಾಗಲೇ ಶಾಖ ಹೊರಬರುತ್ತದೆ. ಇನ್ನು ಮೇಣದಂಥ ಸ್ಟಿಯರಿಕ್ ಆಮ್ಲವನ್ನು ಸವರಿದರೆ ಪುಡಿ ಗಾಳಿ, ತೇವಕ್ಕೆ ಬೇಗ ಕೆಡುವುದಿಲ್ಲ. ನಮ್ಮ ಮಳೆಗಾಲಕ್ಕೆ ಅಂಥದ್ದೇ ಬೇಕು.

ಕಡಲ ಕರೆಯವರು ತಿಳಿಯಬೇಕಾದ ಇನ್ನೊಂದು ದಾರಿ ಇದೆ. ಗ್ಯಾಲಿಯಂ ಎಂಬ ಲೋಹ 30 ಡಿಗ್ರಿಗೇ ಕರಗುತ್ತದೆ, ನಮ್ಮ ಮಧ್ಯಾಹ್ನದ ಸೆಕೆ ಸಾಕು. ಇಂಡಿಯಂ ಎಂಬ ಇನ್ನೊಂದು ಲೋಹ ಬೆರೆಸಿದರೆ ಅದಕ್ಕಿಂತಲೂ ಬೇಗ. ಈ ಮಿಶ್ರಣ ಸವರಿದ ಅಲ್ಯೂಮಿನಿಯಂ ಮೇಲೆ ಪೊರೆ ನಿಲ್ಲುವುದಿಲ್ಲ. ನೀರಿಗೆ ಹಾಕಿದರೆ ಗುಳುಗುಳು ಅಂತ ಹೈಡ್ರೋಜನ್ ಬರುತ್ತದೆ. ಒಂದು ಕಿಲೋ ಅಲ್ಯೂಮಿನಿಯಂಗೆ ಸುಮಾರು 110 ಗ್ರಾಂ. 2024ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಇದನ್ನು ಸಮುದ್ರದ ನೀರಿನಲ್ಲೇ ಮಾಡಿ ತೋರಿಸಿದರು. ಉಪ್ಪುನೀರಿನಲ್ಲಿ ದುಬಾರಿ ಗ್ಯಾಲಿಯಂ-ಇಂಡಿಯಂ ಮರಳಿ ಸಿಗುತ್ತದೆ. ಕ್ರಿಯೆ ಮಾತ್ರ ನಿಧಾನ. ಅದಕ್ಕೆ ಕಾಫಿಯ ಕೆಫೀನ್‌ನ ಒಂದು ಭಾಗವಾದ ಇಮಿಡಜೋಲ್ ಎಂಬ ರಾಸಾಯನಿಕ ಸೇರಿಸಿದಾಗ ಎರಡು ಗಂಟೆಯ ಕೆಲಸ ಐದು ನಿಮಿಷಕ್ಕೆ ಮುಗಿಯಿತು.

ಒಂದು ಮಾತು ಮುಚ್ಚಿಡಬಾರದು. ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 13ರಿಂದ 15 ಯೂನಿಟ್ ಕರೆಂಟ್ ಬೇಕು. ಉರಿಸಿದರೆ ಮರಳಿ ಬರುವ ಶಾಖ ಎಂಟೂವರೆ ಯೂನಿಟ್ಟಿನಷ್ಟು. ಅಂದರೆ ಇದು ಶಕ್ತಿಯನ್ನು ಕೂಡಿಡುವ ಡಬ್ಬಿ. ಬಿಸಿಲಿನ, ಗಾಳಿಯ ಕರೆಂಟಿನಿಂದ ತುಂಬಿದರೆ ಮಾತ್ರ ಶುದ್ಧ.

ಈ ವಿಷಯದಲ್ಲಿ ಕಬ್ಬಿಣ ಮುಂದಿದೆ. ಬೈತಖೋಲ ಬಂದರಿನ ಹತ್ತಿರ ಬೋಟ್ ರಿಪೇರಿಯವರು ಗ್ರೈಂಡರ್ ಹಿಡಿದಾಗ ಹಾರುವ ಕಿಡಿ ಉರಿಯುವ ಕಬ್ಬಿಣವೇ. 2020ರಲ್ಲಿ ನೆದರ್ಲೆಂಡ್ಸ್‌ನ ಸ್ವಿಂಕಲ್ಸ್ ಎಂಬ ಬಿಯರ್ ಕಂಪನಿ ಕಬ್ಬಿಣದ ಪುಡಿ ಉರಿಸಿ ತನ್ನ ಕಾರ್ಖಾನೆಗೆ ಹಬೆ ಮಾಡಿಕೊಂಡಿತು. ಉಳಿದ ಬೂದಿ ಕೆಂಪು ತುಕ್ಕು. ಹೈಡ್ರೋಜನ್ ಹಾಯಿಸಿದರೆ ಅದು ಮತ್ತೆ ಕಬ್ಬಿಣವಾಗುತ್ತದೆ.

ಆ ಕೆಂಪು ಪುಡಿ ನಮಗೆ ಗೊತ್ತಿರುವುದೇ. 2010ರಲ್ಲಿ ರಫ್ತು ನಿಲ್ಲುವವರೆಗೆ ಬಳ್ಳಾರಿ ಕಡೆಯ ಅದಿರು ಅರಬೈಲ್ ಘಟ್ಟ ಇಳಿದು ಬೇಲೇಕೇರಿ, ಕಾರವಾರ ಬಂದರುಗಳಿಗೆ ಬರುತ್ತಿತ್ತು. ದಾರಿಬದಿಯ ಮರದ ಎಲೆಯೆಲ್ಲ ಕೆಂಪು. ಅದಿರು, ಈ ಬೂದಿ ಎರಡೂ ಕಬ್ಬಿಣದ ಆಕ್ಸೈಡೇ. ಬಾಯ್ಲರಿನಲ್ಲಿ ಬಹುಪಾಲು ಬೂದಿ ಕಣಕಣವಾಗಿಯೇ ಉಳಿಯುವುದರಿಂದ ಹಿಡಿಯುವುದು ಸುಲಭ. ಆದರೆ ಒಂದು ಸಣ್ಣ ಪಾಲು ತೀರಾ ನುಣ್ಣಗಿನ ಧೂಳಾಗಿ ಹೊಗೆಯ ಜೊತೆ ಹೊರಡುತ್ತದೆ, ಅದಕ್ಕೆ ಬೇರೆಯೇ ಜಾಲರಿ ಬೇಕು. ಅಂಥ ಬಾಯ್ಲರ್ ಇಲ್ಲಿಗೆ ಬಂದರೆ, ಆ ರಸ್ತೆಯ ಪಕ್ಕ ಬದುಕಿದವರು ಮೊದಲು ಕೇಳುವುದು ಆ ಧೂಳಿನ ವಿಷಯವನ್ನೇ.