ಹಿರಿಯ ಇನ್‌ಫ್ಲುಯೆನ್ಸರ್‌ಗಳು ತಮ್ಮನ್ನು ತೋರಿಸಿಕೊಳ್ಳುವ ಬಗೆ: ಒಂದು ಟಿಪ್ಪಣಿ

ಮೊದಲು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಹೇಳಿದ್ದನ್ನು ನೆನಪಿಟ್ಟುಕೊಳ್ಳಿ. ನಾಲ್ಕು ಜನರ ಮುಂದೆ ನಾವು ಒಂದು ಥರ ಇರುತ್ತೇವೆ, ತೆರೆಯ ಹಿಂದೆ ಇನ್ನೊಂದು ಥರ. 1950ರ ದಶಕದ ಈ ಮಾತು ಸೋಷಿಯಲ್ ಮೀಡಿಯಾಕ್ಕೂ ಚೆನ್ನಾಗಿ ಹೊಂದುತ್ತದೆ. ಆದರೆ ವಯಸ್ಸಾದವರ ವಿಚಾರದಲ್ಲಿ ಒಂದು ತೊಡಕಿದೆ. ಅವರು ಬಾಯಿ ಬಿಡುವ ಮೊದಲೇ ನೋಡುವವರ ತಲೆಯಲ್ಲಿ ಒಂದು ಚಿತ್ರ ಕೂತಿರುತ್ತದೆ: ನಿಧಾನ, ಕಾಯಿಲೆ, ಫೋನ್ ಬಳಸೋಕೆ ಬರಲ್ಲ. ವಯಸ್ಸಿನ ಬಗೆಗಿನ ಈ ತಾತ್ಸಾರಕ್ಕೆ 1969ರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ ಏಜಿಸಂ ಎಂದು ಹೆಸರಿಟ್ಟರು. ಹಿರಿಯರ ಪೋಸ್ಟುಗಳನ್ನು ಆ ಚಿತ್ರಕ್ಕೆ ಕೊಟ್ಟ ಉತ್ತರ ಅಂತ ಓದಿ, ಆಗ ಬೇಗ ಅರ್ಥವಾಗುತ್ತದೆ.

ಅಮೆರಿಕದ ಬ್ಯಾಡಿ ವಿಂಕಲ್ ಅವರನ್ನೇ ನೋಡಿ. ಮರಿಮೊಮ್ಮಗಳ ಬಟ್ಟೆ ಹಾಕಿಕೊಂಡು ತೆಗೆಸಿದ ಫೋಟೋದಿಂದ 2014ರಲ್ಲಿ ಹೆಸರಾದವರು. 1928ರಿಂದಲೂ ನಿಮ್ಮ ಗಂಡಸರನ್ನು ಕದಿಯುತ್ತಿದ್ದೇನೆ ಅಂತ ಇನ್‌ಸ್ಟಾಗ್ರಾಂನಲ್ಲಿ ಪರಿಚಯ ಬರೆದುಕೊಂಡಿದ್ದರು. ಹುಟ್ಟಿದ ವರ್ಷವನ್ನು ಮುಚ್ಚಿಡಲಿಲ್ಲ, ಅದನ್ನೇ ತಮಾಷೆಯ ತಿರುಳು ಮಾಡಿಕೊಂಡರು. ಆದರೆ ಅದೇ ಬಟ್ಟೆಯನ್ನು ಇಪ್ಪತ್ತರ ಹುಡುಗಿ ಹಾಕಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಲ್ವಾ? ಹಾಗಾದರೆ ಇದು ಹಳೆಯ ಚಿತ್ರವನ್ನು ಒಡೆಯುತ್ತಿದೆಯಾ, ಅದರ ಮೇಲೇ ನಿಂತಿದೆಯಾ? ನನ್ನ ಪ್ರಕಾರ ಎರಡೂ ಹೌದು. ಈ ಪ್ರಶ್ನೆಗೆ ಉತ್ತರ ಬರೆಯುವಾಗ ಎರಡನ್ನೂ ಬರೆಯಿರಿ.

ಲಿನ್ ಸ್ಲೇಟರ್ ಅವರದು ಬೇರೆ ದಾರಿ. ಅಮೆರಿಕದಲ್ಲಿ ಸಮಾಜಕಾರ್ಯದ ಪ್ರಾಧ್ಯಾಪಕಿಯಾಗಿದ್ದವರು, ಅರವತ್ತು ದಾಟಿದ ಮೇಲೆ ಫ್ಯಾಷನ್ ಬಗ್ಗೆ ಬರೆಯಲು ಶುರು ಮಾಡಿದರು. ಕೂದಲು ಬೆಳ್ಳಗೇ ಇದೆ, ಆದರೆ ಮಾತು ಬಟ್ಟೆಯದು. ನನಗೆ ಇದೇ ಜಾಸ್ತಿ ಹಿಡಿಸುತ್ತದೆ.

ಇನ್ನು ನಾವು ಸಾಮಾನ್ಯವಾಗಿ ಮರೆಯುವ ವಿಷಯ, ಕ್ಯಾಮೆರಾ ಯಾರ ಕೈಯಲ್ಲಿದೆ ಅನ್ನೋದು. ಕೊರಿಯಾದ ಪಾರ್ಕ್ ಮಕ್ರೆ 1947ರಲ್ಲಿ ಹುಟ್ಟಿದವರು, ಯೂಟ್ಯೂಬ್‌ಗೆ ಬಂದಿದ್ದು 2017ರಲ್ಲಿ, ಚಿತ್ರೀಕರಣ ಮೊಮ್ಮಗಳದು. ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಾಗೇ ಮಾರ್ಕೆಟ್‌ಗೆ ಹೋಗುವಾಗಿನ ಮೇಕಪ್ ಅಂತ ಅವರದೊಂದು ವಿಡಿಯೋ ಇದೆ. ಯೌವನದ ನಟನೆ ಬೇಕಿಲ್ಲ, ಆ ವಯಸ್ಸಿನ ದಿನಚರಿಯೇ ಸಾಕು. ಆದರೆ ಅಜ್ಜಿಯ ಯಾವ ಮಾತು ಉಳಿಯಬೇಕು, ಯಾವುದು ಎಡಿಟ್ ಆಗಬೇಕು ಅಂತ ತೀರ್ಮಾನಿಸುವವರು ಇನ್ನೊಬ್ಬರಾದಾಗ, ನಾವು ನೋಡುವ ಆ ಅಜ್ಜಿ ಇಬ್ಬರು ಸೇರಿ ಮಾಡಿದ ಪಾತ್ರ. ಗಾಫ್‌ಮನ್ ಹೇಳಿದ ತೆರೆಯ ಹಿಂದೆ ಇಲ್ಲಿ ಕುಟುಂಬವೇ ನಿಂತಿರುತ್ತದೆ.

ವಯಸ್ಸು ಬರೀ ಒಂದು ಸಂಖ್ಯೆ ಅನ್ನೋ ಮಾತನ್ನು ಸುಮ್ನೆ ಒಪ್ಪಿಕೊಳ್ಳಬೇಡಿ. ಸಂಶೋಧಕರಾದ ರೋ ಮತ್ತು ಕಾನ್ 1987ರಲ್ಲಿ ಮುಂದಿಟ್ಟ ಯಶಸ್ವಿ ವೃದ್ಧಾಪ್ಯದ, ಅಂದರೆ ಕಾಯಿಲೆಯಿಲ್ಲದೆ ಚುರುಕಾಗಿ ವಯಸ್ಸಾಗುವ, ವಿಚಾರಕ್ಕೆ ಬಂದ ಟೀಕೆ ಇಲ್ಲೂ ಸಲ್ಲುತ್ತದೆ: ಗಟ್ಟಿಮುಟ್ಟಾಗಿರೋದೇ ಗೆಲುವು ಅಂದುಬಿಟ್ಟರೆ, ಮಂಡಿ ನೋವಿನಿಂದ ಎದ್ದು ಓಡಾಡಲಾಗದವರು ಸೋತವರಂತೆ ಕಾಣುತ್ತಾರೆ. ಜಾಹೀರಾತು ಕೊಡುವವರಿಗೂ ಚುರುಕಾದ, ನಗುಮುಖದ ಮುದುಕರೇ ಬೇಕು.

ಕಾಮೆಂಟುಗಳನ್ನೂ ಓದಿ. ಎಪ್ಪತ್ತು ದಾಟಿದವರನ್ನು ಮಗುವಿನಂತೆ ಕ್ಯೂಟ್ ಎನ್ನುವವರು ಎಷ್ಟೊಂದು ಜನ! ಅದಕ್ಕೆ ಅವರು ಅಜ್ಜಿಯಾಗಿ ಉತ್ತರಿಸುತ್ತಾರಾ, ತಮ್ಮ ಕೆಲಸ ಬಲ್ಲವರಾಗಿ ಉತ್ತರಿಸುತ್ತಾರಾ ಅನ್ನೋದನ್ನು ಗುರುತು ಮಾಡಿಕೊಳ್ಳಿ.