ಹಿಮ್ಮಡಿ ಒಡಕೆಂದು ಸುಮ್ಮನಾಗುವ ಮುನ್ನ

ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟು ನಾಟಿ ಕೆಲಸ ಶುರುವಾಯಿತೆಂದರೆ, ಬೆರಳ ಸಂದಿ ಕೊಳೆತಿದೆ ಎಂದು ಮಂಡ್ಯದ ನನ್ನ ಚಿಕಿತ್ಸಾಲಯಕ್ಕೆ ಬರುವವರು ಹೆಚ್ಚುತ್ತಾರೆ. ಇವರೆಲ್ಲರಿಗೂ ಶಿಲೀಂಧ್ರದ ಸೋಂಕೇ ಇರುವುದಿಲ್ಲ. ಕೆಸರಿನಲ್ಲಿ ನೆನೆದ ಮಾತ್ರಕ್ಕೆ ಬೆಳ್ಳಗಾದ ಚರ್ಮವು ಕೆಲವು ದಿನ ಕಾಲು ಒಣಗಿದ್ದರೆ ತಾನಾಗಿ ಸರಿಹೋಗುತ್ತದೆ. ಒಣಗಿದ ಮೇಲೂ ತುರಿಕೆ ಉಳಿದು, ಸಂದಿಯ ಚರ್ಮ ಮೆತ್ತಗಾಗಿ ಸುಲಿದು, ಒಳಗೆ ಕೆಂಪಾದ ಸೀಳು ಕಾಣಿಸಿದರೆ ಮಾತ್ರ ಅಥ್ಲೀಟ್ಸ್ ಫೂಟ್, ಅಂದರೆ ಪಾದದ ಶಿಲೀಂಧ್ರ ಸೋಂಕು, ಇರಬಹುದೆಂದು ಯೋಚಿಸಬೇಕು.

ಹೆಸರು ಕ್ರೀಡಾಪಟುಗಳದ್ದಾದರೂ, ಮೈಮೇಲೆ ಹುಳುಕಡ್ಡಿ ತರುವ ಟ್ರೈಕೋಫೈಟಾನ್ ಗುಂಪಿನ ಶಿಲೀಂಧ್ರಗಳೇ ಹೆಚ್ಚಿನವರಲ್ಲಿ ಇದಕ್ಕೂ ಕಾರಣ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅವುಗಳ ಆಹಾರ; ತೇವ ಮತ್ತು ಬೆಚ್ಚನೆಯ ಜಾಗ ಅವುಗಳಿಗೆ ಅನುಕೂಲ. ಆದ್ದರಿಂದ ಗದ್ದೆಯವರಷ್ಟೇ ಅಲ್ಲದೆ, ಸಕ್ಕರೆ ಕಾರ್ಖಾನೆಯಲ್ಲಿ ಇಡೀ ಪಾಳಿ ಬೂಟು ಹಾಕಿ ದುಡಿಯುವವರಲ್ಲೂ ಇದನ್ನು ಕಾಣುತ್ತೇನೆ. ಸಾಮಾನ್ಯವಾಗಿ ಇದು ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಆರಂಭವಾಗುತ್ತದೆ, ಏಕೆಂದರೆ ಅತ್ಯಂತ ಇಕ್ಕಟ್ಟಾಗಿ ಗಾಳಿಯಾಡದ ಸಂದಿ ಅದೇ.

ಇದನ್ನು ಜನ ಬೇಗ ಗುರುತಿಸುತ್ತಾರೆ. ನನಗೆ ಕಳವಳ ತರುವುದು ಒಣ ಬಗೆಯ ಸೋಂಕು. ಅಂಗಾಲು, ಹಿಮ್ಮಡಿ ಮತ್ತು ಪಾದದ ಅಂಚುಗಳ ಚರ್ಮ ದಪ್ಪಗಾಗಿ, ಗೆರೆಗಳ ನಡುವೆ ಹಿಟ್ಟು ಉದುರಿಸಿದಂತೆ ಬಿಳಿ ಹೊಟ್ಟು ಕೂರುತ್ತದೆ; ತುರಿಕೆ ಅಲ್ಪ ಅಥವಾ ಇಲ್ಲವೇ ಇಲ್ಲ. ಹಿಮ್ಮಡಿ ಒಡಕೆಂದು ಹರಳೆಣ್ಣೆ ಹಚ್ಚುತ್ತಾ ವರ್ಷಗಟ್ಟಲೆ ಕಳೆದವರನ್ನು ನೋಡಿದ್ದೇನೆ. ಬರಿಯ ಒಡಕು ಹಿಮ್ಮಡಿಯ ಅಂಚಿನಲ್ಲಿ ನಿಲ್ಲುತ್ತದೆ. ಹೊಟ್ಟು ಅಂಗಾಲಿನ ಗುಳಿಗೂ ಹಬ್ಬಿದ್ದರೆ, ಒಂದು ಕಾಲಿನಲ್ಲಿ ಹೆಚ್ಚಿದ್ದರೆ, ಉಗುರು ಹಳದಿಯಾಗಿ ದಪ್ಪಗಾಗಿ ಪುಡಿಯಾಗುತ್ತಿದ್ದರೆ ಅನುಮಾನಪಡಬೇಕು. ಅಂಗೈಯನ್ನೂ ತೋರಿಸಿ ಎಂದು ನಾನು ಕೇಳುವುದುಂಟು, ಏಕೆಂದರೆ ಎರಡು ಪಾದಗಳ ಜೊತೆಗೆ ಒಂದೇ ಕೈಯ ಚರ್ಮ ಒಣಗಿ ಹೊಟ್ಟೇಳುವುದು ಈ ಸೋಂಕಿನ ಒಂದು ಗುರುತು. ಉಗುರಿಗೆ ತಗುಲಿದ ಸೋಂಕಿಗೆ ಸಾಮಾನ್ಯವಾಗಿ ಮುಲಾಮು ಸಾಲದು, ತಿಂಗಳುಗಟ್ಟಲೆ ಮಾತ್ರೆ ಬೇಕಾಗುತ್ತದೆ.

ಮೂರನೆಯ ಬಗೆಯಲ್ಲಿ ಅಂಗಾಲಿನ ಗುಳಿಯ ಸುತ್ತ ತುರಿಸುವ ನೀರುಗುಳ್ಳೆಗಳು ಏಳುತ್ತವೆ. ಇಸುಬಿನ ಗುಳ್ಳೆಗಳೂ ಹೀಗೆಯೇ ಕಾಣುವುದರಿಂದ ಕಣ್ಣಂದಾಜನ್ನು ನಂಬದೆ, ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತೇನೆ. ಪಾದದ ಮೇಲ್ಭಾಗದಲ್ಲಿ ಚಪ್ಪಲಿಯ ಪಟ್ಟಿ ಕೂರುವ ಜಾಗದಲ್ಲಷ್ಟೇ ತುರಿಕೆಯಿದ್ದರೆ ಅದು ಬಹುತೇಕ ಚಪ್ಪಲಿಯ ರಬ್ಬರು ಅಥವಾ ತೊಗಲಿನಿಂದಾದ ಅಲರ್ಜಿ. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಗುಣಿಗಳಿದ್ದು ಕೆಟ್ಟ ವಾಸನೆ ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ.

ಈ ಎಲ್ಲಕ್ಕೂ ಮೆಡಿಕಲ್ ಸ್ಟೋರಿನಲ್ಲಿ ಒಂದೇ ಟ್ಯೂಬು ಕೇಳಿ ಒಯ್ಯುವ ರೂಢಿ ನಿಲ್ಲಲೇಬೇಕು. ಸ್ಟೆರಾಯ್ಡ್ ಬೆರೆತ ಮುಲಾಮು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ, ಆದರೆ ಸೋಂಕು ಒಳಗೊಳಗೇ ಹರಡುತ್ತದೆ. ಹಾಗೆ ರೂಪ ಬದಲಿಸಿದ ಕಾಯಿಲೆಯನ್ನು ಗುರುತಿಸುವುದು ನಮಗೂ ಕಷ್ಟ. ವೈದ್ಯರಲ್ಲಿಗೆ ಬರುವಾಗ ಹಚ್ಚಿದ ಟ್ಯೂಬನ್ನು ಮರೆಯದೆ ತನ್ನಿ.

ಸಕ್ಕರೆ ಕಾಯಿಲೆ ಇರುವವರ ವಿಷಯವೇ ಬೇರೆ. ಸ್ಪರ್ಶಜ್ಞಾನ ಕುಂದಿದ ಪಾದದಲ್ಲಿ ಸೀಳಾದ ಸಂದಿ ನೋಯುವುದಿಲ್ಲ, ಅಲ್ಲಿಂದ ಬ್ಯಾಕ್ಟೀರಿಯಾ ಒಳಹೊಕ್ಕು ಹುಣ್ಣಾಗುತ್ತದೆ. ಬಗ್ಗಿ ನೋಡಲಾಗದ ಹಿರಿಯರ ಬೆರಳ ಸಂದಿಗಳನ್ನು ಮನೆಯವರು ದಿನವೂ ಬಿಡಿಸಿ ನೋಡಬೇಕು. ರಸಿಕೆ, ದುರ್ವಾಸನೆ, ಮೇಲೇರುತ್ತಿರುವ ಕೆಂಪು, ಪಾದದ ಬಾವು ಅಥವಾ ಜ್ವರ ಕಂಡರೆ ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.