ಘಟ್ಟ ಹತ್ತುವಾಗ ಕ್ಲಚ್ ಸ್ಲಿಪ್: ಸ್ಟೇಜ್ 3 ಹಾಕಿಸಬಹುದೇ?

ಪ್ರಶ್ನೆ: ನನ್ನ ಟರ್ಬೊ ಪೆಟ್ರೋಲ್ ಕಾರಿಗೆ ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ್ದೇನೆ. ಅಂದಿನಿಂದ ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತುವಾಗ ಆರ್‌ಪಿಎಂ ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ಗೆಳೆಯರು ಸ್ಟೇಜ್ 3 ಕ್ಲಚ್ ಹಾಕಿಸು ಅನ್ನುತ್ತಿದ್ದಾರೆ. ಹಾಕಿಸಲೇ?
– ಶಿರಸಿಯ ಓದುಗರು

ಉತ್ತರ: ಕ್ಲಚ್ ಬದಲಿಸಬೇಕಾಗಬಹುದು. ಸ್ಟೇಜ್ 3 ಮಾತ್ರ ಬೇಡ.

ರೀಮ್ಯಾಪ್ ಅಂದರೆ ಎಲ್ಲರ ಬಾಯಲ್ಲೂ ಹಾರ್ಸ್‌ಪವರ್. ಆದರೆ ಕ್ಲಚ್ ಹೊರಬೇಕಾದದ್ದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಟರ್ಬೊ ಎಂಜಿನ್ 2,000 ಆರ್‌ಪಿಎಂ ಆಸುಪಾಸಿನಲ್ಲೇ ತನ್ನ ಟಾರ್ಕ್ ಸುರಿಯುತ್ತದೆ. ರೀಮ್ಯಾಪ್ ಅದನ್ನೇ ಇನ್ನಷ್ಟು ಹೆಚ್ಚಿಸುತ್ತದೆ. ಮೇಲಿನ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒತ್ತಿದಾಗಲೇ ಸ್ಲಿಪ್ ಆಗುವುದು ಅದಕ್ಕೇ. ಆದರೂ ಮೊದಲು ಹಳೆ ಪ್ಲೇಟ್ ಸವೆದಿದೆಯೇ, ಕ್ರ್ಯಾಂಕ್‌ನ (ಎಂಜಿನ್‌ನ ಮುಖ್ಯ ದಂಡದ) ಹಿಂದಿನ ಸೀಲ್‌ನಿಂದ ಆಯಿಲ್ ಸೋರಿ ಪ್ಲೇಟಿಗೆ ತಾಗಿದೆಯೇ ಎಂದು ನೋಡಿಸಿ. ಆಯಿಲ್ ಸೋರಿಕೆ ಇದ್ದರೆ ಎಷ್ಟು ದುಬಾರಿ ಕ್ಲಚ್ ಹಾಕಿದರೂ ಸ್ಲಿಪ್ ಆಗಿಯೇ ಆಗುತ್ತದೆ.

ಸ್ಟೇಜ್ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಬ್ಬೊಬ್ಬ ತಯಾರಕರದ್ದು ಒಂದೊಂದು. ಸಾಮಾನ್ಯವಾಗಿ 3 ಅಂದರೆ ಸೆರಾಮಿಕ್ ತುಂಡುಗಳಿರುವ ಪ್ಲೇಟ್. ಅದು ರೇಸ್ ಟ್ರ್ಯಾಕಿಗೆ ಸರಿ. ಹಿಡಿದರೆ ಪೂರ್ತಿ ಹಿಡಿಯುತ್ತದೆ, ಬಿಟ್ಟರೆ ಪೂರ್ತಿ ಬಿಡುತ್ತದೆ. ನಡುವೆ ಹಾಫ್ ಕ್ಲಚ್ ಅನ್ನುವುದೇ ಇಲ್ಲ ಅನ್ನಬಹುದು. ಜುಲೈ ಮಳೆಯಲ್ಲಿ, ದೇವಿಮನೆ ತಿರುವಿನಲ್ಲಿ, ಲೋಡ್ ಲಾರಿಯ ಹಿಂದೆ ನಿಂತು ಏರಿನಲ್ಲಿ ಮತ್ತೆ ಹೊರಡುವುದನ್ನು ಊಹಿಸಿಕೊಳ್ಳಿ. ಗಾಡಿ ಗಡಗಡ ನಡುಗುತ್ತದೆ, ಇಲ್ಲವೇ ಒದ್ದೆ ರಸ್ತೆಯಲ್ಲಿ ಚಕ್ರ ಜಾರುತ್ತದೆ. ಗೆಳೆಯರು ಆಗ ಪಕ್ಕದ ಸೀಟಿನಲ್ಲಿ ಕೂತಿರುವುದಿಲ್ಲ!

ನಿಮಗೆ ಬೇಕಾದದ್ದು ಕಂಪನಿಯ ಕ್ಲಚ್‌ನಂಥದೇ ಆರ್ಗ್ಯಾನಿಕ್ ಪ್ಲೇಟ್, ನಡುವೆ ಸ್ಪ್ರಿಂಗ್ ಇರುವಂಥದ್ದು, ಜೊತೆಗೆ ಅದನ್ನು ಒತ್ತಿ ಹಿಡಿಯುವ ಬಿಗಿಯಾದ ಪ್ರೆಶರ್ ಪ್ಲೇಟ್. ಸ್ಟೇಜ್ ಕೇಳಬೇಡಿ, ಎಷ್ಟು ನ್ಯೂಟನ್ ಮೀಟರ್ ಟಾರ್ಕ್ ತಡೆಯುತ್ತದೆ ಎಂದು ಕೇಳಿ. ರೀಮ್ಯಾಪ್ ಆದಮೇಲಿನ ಟಾರ್ಕ್‌ಗಿಂತ ಶೇ. 20–30 ಹೆಚ್ಚಿದ್ದರೆ ಸಾಕು. ಅದಕ್ಕೂ ಮೇಲೆ ಹೋದಷ್ಟು ಪೆಡಲ್ ಗಟ್ಟಿಯಾಗುತ್ತದೆ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಭಾರ ಬೀಳುತ್ತದೆ.

ಹೇಗೂ ಗೇರ್‌ಬಾಕ್ಸ್ ಇಳಿಸುತ್ತಾರೆ. ರಿಲೀಸ್ ಬೇರಿಂಗ್, ಆ ಆಯಿಲ್ ಸೀಲ್ ಎರಡನ್ನೂ ಆಗಲೇ ಬದಲಿಸಿ. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ, ಎರಡು ಭಾಗದ ಭಾರದ ಚಕ್ರ) ಇದ್ದರೆ ಅದರ ಸಡಿಲ ಪರೀಕ್ಷಿಸಲಿ. ಹಗುರ ಫ್ಲೈವೀಲ್ ಹಾಕೋಣ ಅಂದರೆ ಒಪ್ಪಬೇಡಿ, ಐಡಲಿಂಗ್‌ನಲ್ಲಿ ಗೇರ್‌ಬಾಕ್ಸ್ ಕಟಕಟ ಅನ್ನತೊಡಗುತ್ತದೆ.

ಹೊಸ ಪ್ಲೇಟ್ ಉಜ್ಜಿಕೊಂಡು ಸರಿಯಾಗಿ ಕೂರಲು 500ರಿಂದ 800 ಕಿ.ಮೀ. ಬೇಕು. ಅದು ಪೇಟೆಯೊಳಗೆ ನಿಂತು ಹೊರಡುವ ಓಟವಾಗಿರಬೇಕು. ಕಾರವಾರಕ್ಕೆ ಹೆದ್ದಾರಿಯಲ್ಲಿ ಹೋಗಿಬಂದರೆ ಕಿಲೋಮೀಟರ್ ಏರುತ್ತದೆಯೇ ಹೊರತು ಪ್ಲೇಟ್ ಕೂರುವುದಿಲ್ಲ. ಇಷ್ಟೆಲ್ಲ ಖರ್ಚು ಬೇಡವೆಂದರೆ, ಹಳೆ ಪ್ಲೇಟ್ ಇನ್ನೂ ಚೆನ್ನಾಗಿದ್ದರೆ, ರೀಮ್ಯಾಪ್ ಮಾಡಿದವರ ಬಳಿಯೇ 2,500 ಆರ್‌ಪಿಎಂ ಕೆಳಗಿನ ಟಾರ್ಕ್ ಸ್ವಲ್ಪ ಇಳಿಸಿಕೊಡಲು ಹೇಳಿ.